ಬಯಾಪ್ಸಿ ರಿಪೋರ್ಟಿನಲ್ಲಿ ‘ಪಿಟ್-1 ಪಾಸಿಟಿವ್’ ಅಂದರೆ ಏನು? ಪಿಟ್ಯುಟರಿ ಗೆಡ್ಡೆ, ಜೀನ್, ಬೆಳವಣಿಗೆ ಅಂಶಗಳ ಬಗ್ಗೆ ಪೆಥಾಲಜಿಸ್ಟ್‌ಗೆ ಪ್ರಶ್ನೆಗಳು

ಪ್ರಶ್ನೆ (ದಾವಣಗೆರೆಯ ಸದಸ್ಯೆ):

ನಮಸ್ಕಾರ ಮೇಡಂ. ನಮ್ಮ ಯಜಮಾನರಿಗೆ 46 ವರ್ಷ. ನಾಲ್ಕೈದು ವರ್ಷದಿಂದ ಕೈಬೆರಳು ದಪ್ಪ ಆಗ್ತಾ ಬಂದು ಮದುವೆ ಉಂಗುರ ಹೋಗದ ಹಾಗಾಯ್ತು. ಚಪ್ಪಲಿ 8ನೇ ನಂಬರ್ ಇದ್ದದ್ದು 10 ಆಯ್ತು. ಗೊರಕೆ, ಬೆವರು, ಆಮೇಲೆ ಶುಗರ್. ಶುಗರ್ ತೋರಿಸೋಕೆ ಹೋದಾಗ ಡಾಕ್ಟರು ಮುಖ, ಕೈ ನೋಡಿ ಇದು ಆಕ್ರೋಮೆಗಲಿ (ಗ್ರೋತ್ ಹಾರ್ಮೋನ್ ಅತಿಯಾಗುವ ಕಾಯಿಲೆ) ಇರಬಹುದು ಅಂದರು. ಎಂಆರ್‌ಐನಲ್ಲಿ ಪಿಟ್ಯುಟರಿಯಲ್ಲಿ 19 ಮಿಲಿಮೀಟರ್ ಗೆಡ್ಡೆ ಕಾಣಿಸಿತು. ಮೂಗಿನ ಮೂಲಕ ಆಪರೇಷನ್ ಆಗಿದೆ. ಬಯಾಪ್ಸಿ ರಿಪೋರ್ಟಿನಲ್ಲಿ ಹೀಗಿದೆ: “ಪಿಟ್-1 ಪಾಸಿಟಿವ್, ಟಿ-ಪಿಟ್ ನೆಗೆಟಿವ್, ಎಸ್‌ಎಫ್-1 ನೆಗೆಟಿವ್, ಗ್ರೋತ್ ಹಾರ್ಮೋನ್ ಅಲ್ಲಲ್ಲಿ ಪಾಸಿಟಿವ್, ಫೈಬ್ರಸ್ ಬಾಡಿಗಳು ಇವೆ, ಸ್ಪಾರ್ಸ್ಲಿ ಗ್ರ್ಯಾನ್ಯುಲೇಟೆಡ್, ಕೆಐ-67 ಶೇ. 2, ಪಿಟ್‌ನೆಟ್.” ನೆಟ್‌ನಲ್ಲಿ ಹುಡುಕಿದರೆ ಪಿಟ್-1 ಒಂದು ಜೀನ್ ಅಂತ ಬಂತು. ಜೀನ್ ಪಾಸಿಟಿವ್ ಅಂದರೆ ವಂಶದ ಕಾಯಿಲೆಯಾ? ಮಗನಿಗೆ 15, ಮಗಳಿಗೆ 12. ಮಗ ಕ್ಲಾಸಿನಲ್ಲೇ ಎತ್ತರ. ಎರಡು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಇದು ಕ್ಯಾನ್ಸರಾ, ಅದನ್ನೂ ತಿಳಿಸಿ.

ಉತ್ತರ (ಪೆಥಾಲಜಿಸ್ಟ್):

ನಮಸ್ಕಾರ. ಮೊದಲು ನಿಮ್ಮ ನಿದ್ದೆ ಕೆಡಿಸಿದ ಎರಡು ಮಾತುಗಳಿಗೆ ಉತ್ತರ ಕೊಡುತ್ತೇನೆ. ನೀವು ಬರೆದಿರುವ ರಿಪೋರ್ಟಿನಲ್ಲಿ ಕ್ಯಾನ್ಸರ್ ಅನ್ನುವಂಥದ್ದು ಇಲ್ಲ. ‘ಪಿಟ್-1 ಪಾಸಿಟಿವ್’ ಅಂದರೆ ವಂಶದ ದೋಷ ಸಿಕ್ಕಿತು ಅಂತ ಅರ್ಥವೂ ಅಲ್ಲ. ಇಂಥ ರಿಪೋರ್ಟುಗಳನ್ನು ಬರೆಯುವುದೇ ನನ್ನ ಕೆಲಸ. ನಾವು ಚಿಕಿತ್ಸೆ ಕೊಡುವ ಡಾಕ್ಟರಿಗೆ ಅಂತ ಬರೆಯುತ್ತೇವೆ, ಓದಿ ಹೆದರುವವರು ಮನೆಯವರು. ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲೂ ಅದೇ ಜೀನ್‌ಗಳ ಪೂರ್ತಿ ಗಂಟು ಇರುತ್ತದೆ. ಯಾವ ಕೋಶ ಯಾವ ಜೀನ್ ಬಳಸುತ್ತದೆ ಅನ್ನುವುದರಲ್ಲಿ ವ್ಯತ್ಯಾಸ. ಊರಿನ ಎಲ್ಲ ಮನೆಯಲ್ಲೂ ಒಂದೇ ಪಂಚಾಂಗ ನೇತುಹಾಕಿರುತ್ತಾರೆ. ಮದುವೆ ಮನೆಯವರು ಮುಹೂರ್ತದ ಪುಟ ತಿರುವುತ್ತಾರೆ, ಬಿತ್ತನೆಗೆ ಕಾದವರು ಮಳೆ ನಕ್ಷತ್ರದ ಪುಟ ನೋಡುತ್ತಾರೆ. ಹಾಗೆ ಒಂದು ಕೋಶ ತನಗೆ ಬೇಕಾದ ಜೀನನ್ನು ತೆರೆದು, ಅದರಿಂದ ಆರ್‌ಎನ್‌ಎ ನಕಲು ತೆಗೆದು, ಪ್ರೋಟೀನ್ ತಯಾರಿಸುವುದಕ್ಕೆ ಜೀನ್ ಅಭಿವ್ಯಕ್ತಿ ಅನ್ನುತ್ತೇವೆ. ಜೀನಿನ ಅಕ್ಷರಗಳು ಬದಲಾದರೆ ಅದು ಮ್ಯುಟೇಷನ್. ಎರಡೂ ಬೇರೆ ಬೇರೆ. ನಿಮ್ಮ ರಿಪೋರ್ಟಿನಲ್ಲಿ ಇರುವುದೆಲ್ಲ ಅಭಿವ್ಯಕ್ತಿಯ ಸುದ್ದಿ.

ಪಿಟ್ಯುಟರಿ ಗ್ರಂಥಿ ಮೂಗಿನ ಹಿಂಭಾಗದ ಮೇಲೆ, ತಲೆಬುರುಡೆಯ ತಳದ ಒಂದು ಪುಟ್ಟ ಗುಳಿಯಲ್ಲಿ ಕೂತಿರುತ್ತದೆ. ತೂಕ ಅರ್ಧ ಗ್ರಾಂ ಆಸುಪಾಸು. ಅದರ ಮುಂಭಾಗದಲ್ಲಿ ಹಲವು ಬಗೆಯ ಕೋಶಗಳಿವೆ. ಭ್ರೂಣದಲ್ಲಿ ಇವೆಲ್ಲ ಒಂದೇ ಮೂಲದಿಂದ ಕವಲೊಡೆಯುತ್ತವೆ, ಮತ್ತು ಯಾವ ಕವಲು ಹಿಡಿಯಬೇಕು ಅನ್ನುವುದನ್ನು ನಿರ್ಧರಿಸುವುದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಪ್ರೋಟೀನ್‌ಗಳು. ಇವು ಕೋಶಕೇಂದ್ರದಲ್ಲಿ ಕೂತು ಬೇರೆ ಜೀನ್‌ಗಳನ್ನು ತೆರೆಯುತ್ತವೆ, ಮುಚ್ಚುತ್ತವೆ. ಪಿಟ್-1 ಇದ್ದ ಕೋಶ ಗ್ರೋತ್ ಹಾರ್ಮೋನ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ಅಥವಾ ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್) ತಯಾರಿಸುವ ಕವಲಿನದು. ಟಿ-ಪಿಟ್ ಇದ್ದರೆ ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಎಸಿಟಿಎಚ್ ಕವಲು. ಎಸ್‌ಎಫ್-1 ಇದ್ದರೆ ಅಂಡಾಶಯ, ವೃಷಣಗಳನ್ನು ಪ್ರಚೋದಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಕವಲು. ಗೆಡ್ಡೆಯ ಕೋಶಗಳೂ ತಮ್ಮ ಕವಲನ್ನು ಬಿಟ್ಟುಕೊಡುವುದಿಲ್ಲ. ನಾವು ಗೆಡ್ಡೆಯ ತೆಳು ಪದರಕ್ಕೆ ಪ್ರತಿಕಾಯ ಹಾಕಿ ಬಣ್ಣ ಬರಿಸುತ್ತೇವೆ. ಕೋಶಕೇಂದ್ರ ಕಂದು ಬಣ್ಣಕ್ಕೆ ತಿರುಗಿದರೆ ಆ ಪ್ರೋಟೀನ್ ಅಲ್ಲಿದೆ ಅಂತ. ಅಂದರೆ ‘ಪಿಟ್-1 ಪಾಸಿಟಿವ್’ ಅನ್ನುವುದು ಗೆಡ್ಡೆ ಯಾವ ಮನೆತನದ್ದು ಅನ್ನುವ ಗುರುತು. ಆರೋಗ್ಯವಾಗಿರುವ ನಿಮ್ಮ ಪಿಟ್ಯುಟರಿಯ ಕೋಶಗಳಿಗೆ ಇದೇ ಬಣ್ಣ ಹಾಕಿದರೂ ಬಹಳಷ್ಟು ಕೋಶ ಪಾಸಿಟಿವ್ ಬರುತ್ತವೆ!

ಇನ್ನೊಂದು ವಿಷಯ ಹೇಳಿದರೆ ನಿಮಗೆ ಸಮಾಧಾನ ಆಗಬಹುದು. ಪಿಟ್-1 ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ಕೆಲವು ಮಕ್ಕಳು ಇದ್ದಾರೆ. ಅವರಲ್ಲಿ ಗ್ರೋತ್ ಹಾರ್ಮೋನ್ ತಯಾರಾಗುವುದೇ ಇಲ್ಲ, ಮಕ್ಕಳು ತೀರಾ ಕುಳ್ಳಗೆ ಉಳಿಯುತ್ತಾರೆ. ನೀವು ಹೆದರಿದ್ದಕ್ಕೆ ಪೂರ್ತಿ ಉಲ್ಟಾ.

‘ಪಿಟ್‌ನೆಟ್’ ಅನ್ನುವ ಶಬ್ದವೂ ಜನರನ್ನು ಹೆದರಿಸುತ್ತದೆ. ಮೊದಲು ಅಡೆನೋಮಾ ಅಂತ ಬರೆಯುತ್ತಿದ್ದೆವು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣ ಬಂದ ಮೇಲೆ ಪಿಟ್ಯುಟರಿ ನ್ಯೂರೋಎಂಡೋಕ್ರೈನ್ ಟ್ಯೂಮರ್ ಅನ್ನುವ ಹೆಸರು ಬಳಕೆಗೆ ಬಂದಿದೆ. ಹೆಸರು ಬದಲಾಯಿತೇ ಹೊರತು ಕಾಯಿಲೆಯ ಗುಣ ಬದಲಾಗಿಲ್ಲ. ಕೆಐ-67 ಅಂದರೆ ವಿಭಜನೆಯ ಹಾದಿಯಲ್ಲಿರುವ ಕೋಶಗಳ ಪ್ರಮಾಣ; ಶೇ. 3 ದಾಟಿದರೆ ನಾವು ಹೆಚ್ಚು ಗಮನ ಕೊಡುತ್ತೇವೆ. ನಿಮ್ಮವರದು 2.

ಈಗ ಮಕ್ಕಳ ವಿಷಯ. ಪಿಟ್ಯುಟರಿ ಗೆಡ್ಡೆಗಳಲ್ಲಿ ವಂಶವಾಹಿ ಅನ್ನಬಹುದಾದವು ಶೇ. 5ರ ಆಸುಪಾಸು ಮಾತ್ರ. ಮಿಕ್ಕವುಗಳಲ್ಲಿ ಬದಲಾವಣೆ ಆಗಿರುವುದು ಆ ಗೆಡ್ಡೆಯ ಕೋಶಗಳಲ್ಲಿ, ಆ ವ್ಯಕ್ತಿ ಹುಟ್ಟಿ ಎಷ್ಟೋ ವರ್ಷಗಳ ನಂತರ. ವೀರ್ಯದಲ್ಲಾಗಲಿ ಅಂಡಾಣುವಿನಲ್ಲಾಗಲಿ ಅದು ಇರುವುದಿಲ್ಲ, ಹಾಗಾಗಿ ಮಕ್ಕಳಿಗೆ ದಾಟುವ ದಾರಿಯೇ ಇಲ್ಲ. ಗ್ರೋತ್ ಹಾರ್ಮೋನ್ ಗೆಡ್ಡೆಗಳಲ್ಲಿ ಹೆಚ್ಚು ಸಿಗುವ ಮ್ಯುಟೇಷನ್ ಜಿಎನ್‌ಎಎಸ್ ಎಂಬ ಜೀನಿನದು. ಹಲವು ಅಧ್ಯಯನಗಳಲ್ಲಿ ಶೇ. 30ರಿಂದ 40ರಷ್ಟು ಗೆಡ್ಡೆಗಳಲ್ಲಿ ಕಂಡಿದೆ. ಇದೂ ಗೆಡ್ಡೆಯೊಳಗೆ ಮಾತ್ರ ಇರುವಂಥದ್ದು.

ವಂಶದಲ್ಲಿ ಬರುವ ಆ ಸಣ್ಣ ಗುಂಪಿನಲ್ಲಿ ಮುಖ್ಯವಾದವು ಎರಡು. ಒಂದು ಎಂಇಎನ್-1, ಇದರಲ್ಲಿ ಪ್ಯಾರಾಥೈರಾಯ್ಡ್ ಮತ್ತು ಪ್ಯಾಂಕ್ರಿಯಾಸ್ ಗೆಡ್ಡೆಗಳೂ ಜೊತೆಗೆ ಬರುತ್ತವೆ. ಇನ್ನೊಂದು ಎಐಪಿ ಜೀನಿನ ದೋಷ, ಫಿನ್‌ಲೆಂಡಿನ ಕುಟುಂಬಗಳಲ್ಲಿ 2006ರಲ್ಲಿ ಪತ್ತೆಯಾದದ್ದು. ಎಐಪಿ ಕಥೆ ಬಹಳ ಹಿಂದಕ್ಕೆ ಹೋಗುತ್ತದೆ. 1761ರಲ್ಲಿ ಹುಟ್ಟಿದ ಚಾರ್ಲ್ಸ್ ಬರ್ನ್ ಎಂಬ ಐರಿಷ್ ಯುವಕ ಸುಮಾರು ಏಳೂವರೆ ಅಡಿ ಬೆಳೆದಿದ್ದ. ಲಂಡನ್ನಿನಲ್ಲಿ ಜನ ದುಡ್ಡು ಕೊಟ್ಟು ಅವನನ್ನು ನೋಡುತ್ತಿದ್ದರು. 22ನೇ ವಯಸ್ಸಿಗೆ, 1783ರಲ್ಲಿ ತೀರಿಕೊಂಡ. ತನ್ನ ದೇಹವನ್ನು ಸಮುದ್ರದಲ್ಲಿ ಹೂಳಬೇಕು ಅನ್ನುವುದು ಅವನ ಆಸೆಯಾಗಿತ್ತು. ಶಸ್ತ್ರಚಿಕಿತ್ಸಕ ಜಾನ್ ಹಂಟರ್ ದೇಹವನ್ನು ಪಡೆದುಕೊಂಡು ಅಸ್ಥಿಪಂಜರ ಮಾಡಿಸಿದ. 1909ರಲ್ಲಿ ಅಮೆರಿಕದ ಮೆದುಳು ಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ ಆ ತಲೆಬುರುಡೆಯನ್ನು ತೆರೆಸಿ ನೋಡಿದಾಗ ಪಿಟ್ಯುಟರಿ ಕೂರುವ ಗುಳಿ ದೊಡ್ಡದಾಗಿತ್ತು. 2011ರಲ್ಲಿ ಅವನ ಹಲ್ಲಿನಿಂದ ಡಿಎನ್‌ಎ ತೆಗೆದು ನೋಡಿದರೆ ಎಐಪಿ ದೋಷ ಸಿಕ್ಕಿತು, ಅದೇ ದೋಷ ಇವತ್ತು ಉತ್ತರ ಐರ್ಲೆಂಡಿನ ಕೆಲವು ಕುಟುಂಬಗಳಲ್ಲೂ ಇದೆ. 2023ರಲ್ಲಿ ಹಂಟರ್ ಹೆಸರಿನ ಲಂಡನ್ ವಸ್ತುಸಂಗ್ರಹಾಲಯ ಮತ್ತೆ ತೆರೆದಾಗ ಅಸ್ಥಿಪಂಜರವನ್ನು ಪ್ರದರ್ಶನಕ್ಕೆ ಇಡಲಿಲ್ಲ. ಅಷ್ಟಾದರೂ ಆಯಿತಲ್ಲ ಅಂತ ನನಗೆ ಅನ್ನಿಸುತ್ತದೆ.

ಎಐಪಿ ದೋಷದ ಲಕ್ಷಣವೇ ಚಿಕ್ಕ ವಯಸ್ಸು. ಹದಿಹರೆಯದಲ್ಲಿ, ಇಪ್ಪತ್ತರ ಹರೆಯದಲ್ಲಿ ದೊಡ್ಡ ಗೆಡ್ಡೆ ಬಂದಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಪಿಟ್ಯುಟರಿ ಗೆಡ್ಡೆ ಇದ್ದರೆ ಆ ಪರೀಕ್ಷೆಗೆ ಅರ್ಥವಿದೆ. ದೋಷ ಇದ್ದವರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ ಗೆಡ್ಡೆ ಬರುತ್ತದೆ. ನಿಮ್ಮ ಯಜಮಾನರಿಗೆ ಲಕ್ಷಣ ಶುರುವಾದದ್ದೇ ನಲವತ್ತರ ನಂತರ, ಮನೆತನದಲ್ಲಿ ಬೇರೆ ಯಾರಿಗೂ ಇಲ್ಲದಿದ್ದರೆ ಮಕ್ಕಳಿಗೆ ಜೀನ್ ಪರೀಕ್ಷೆ ಅಂತ ಈಗಲೇ ದುಡ್ಡು ಸುರಿಯಬೇಡಿ. ಯಜಮಾನರ ರಕ್ತದ ಕ್ಯಾಲ್ಸಿಯಂ ಒಮ್ಮೆ ನೋಡಿಸಿ, ಎಂಇಎನ್-1 ಅನುಮಾನಕ್ಕೆ ಅದು ಸುಲಭದ ಪರೀಕ್ಷೆ. ಮಗನ ಎತ್ತರವನ್ನು ಆರು ತಿಂಗಳಿಗೊಮ್ಮೆ ಬರೆದಿಡಿ. 15ರ ಹುಡುಗ ಕ್ಲಾಸಿನಲ್ಲಿ ಎತ್ತರ ಇರುವುದಕ್ಕೆ ಹೆಚ್ಚಿನ ಸಲ ಅಪ್ಪ ಅಮ್ಮನ ಎತ್ತರವೇ ಕಾರಣ.

ಅದೇ ಸದಸ್ಯೆ:

ತುಂಬಾ ಥ್ಯಾಂಕ್ಸ್ ಮೇಡಂ, ಓದಿ ಅತ್ತುಬಿಟ್ಟೆ. ಇನ್ನೂ ಎರಡು ಇದೆ. ಆಪರೇಷನ್ ಆಗಿ ಮೂರು ತಿಂಗಳಾದ ಮೇಲೆ ಐಜಿಎಫ್-1 ಇನ್ನೂ ಜಾಸ್ತಿ ಬಂದಿದೆ. ಅದು ಬೆಳವಣಿಗೆ ಅಂಶ ಅಂತೆ, ಹಾಲಿನಲ್ಲೂ ಇರುತ್ತಂತೆ. ನಮ್ಮತ್ತೆ ಹಾಲು, ಮೊಸರು ಎಲ್ಲ ನಿಲ್ಲಿಸು ಅಂತಿದ್ದಾರೆ. ಆಮೇಲೆ ತಿಂಗಳಿಗೊಂದು ಇಂಜೆಕ್ಷನ್ ಬರೆದಿದ್ದಾರೆ, ಆಕ್ಟ್ರಿಯೊಟೈಡ್. ಆ ‘ಸ್ಪಾರ್ಸ್ಲಿ’ ಅನ್ನೋದು ಇಂಜೆಕ್ಷನ್‌ಗೆ ಏನಾದರೂ ಸಂಬಂಧವಾ?

ಉತ್ತರ:

ಸಂಬಂಧ ಇದೆ, ಒಳ್ಳೆಯ ಪ್ರಶ್ನೆ.

ಐಜಿಎಫ್-1 ಪಿಟ್ಯುಟರಿಯಲ್ಲಿ ತಯಾರಾಗಿ ರಕ್ತಕ್ಕೆ ಬರುವುದಲ್ಲ. ಪಿಟ್ಯುಟರಿಯಿಂದ ಗ್ರೋತ್ ಹಾರ್ಮೋನ್ ಹೊರಡುತ್ತದೆ, ಯಕೃತ್ತಿಗೆ ಹೋಗಿ ಅಲ್ಲಿನ ಕೋಶಗಳಲ್ಲಿ ಐಜಿಎಫ್-1 ಜೀನನ್ನು ತೆರೆಸುತ್ತದೆ. ರಕ್ತದಲ್ಲಿ ಓಡಾಡುವ ಐಜಿಎಫ್-1ರ ಬಹುಪಾಲು ಬರುವುದು ಯಕೃತ್ತಿನಿಂದ. ಬೆರಳು, ದವಡೆ, ಪಾದ ದಪ್ಪ ಮಾಡಿದ್ದರಲ್ಲಿ ಇದರ ಕೈವಾಡ ದೊಡ್ಡದು. ಆರೋಗ್ಯವಂತರಲ್ಲಿ ಐಜಿಎಫ್-1 ಏರಿದರೆ ಅದೇ ಪಿಟ್ಯುಟರಿಗೆ ಹಿಂದಿರುಗಿ ಗ್ರೋತ್ ಹಾರ್ಮೋನ್ ಜೀನನ್ನು ತಗ್ಗಿಸುತ್ತದೆ. ಗೆಡ್ಡೆಯ ಕೋಶ ಈ ತಡೆಯನ್ನು ಸರಿಯಾಗಿ ಪಾಲಿಸುವುದಿಲ್ಲ. ಹಾಗಾಗಿ ಮೂಲದಲ್ಲಿ ಗ್ರೋತ್ ಹಾರ್ಮೋನ್ ಇಳಿಯಬೇಕು, ಆಗ ಐಜಿಎಫ್-1 ತಾನಾಗಿ ಇಳಿಯುತ್ತದೆ. ಹಾಲಿನಲ್ಲಿರುವ ಅಲ್ಪ ಐಜಿಎಫ್-1 ಪ್ರೋಟೀನ್ ಆದ್ದರಿಂದ ಹೊಟ್ಟೆ, ಕರುಳಿನಲ್ಲಿ ಬಹುಮಟ್ಟಿಗೆ ಜೀರ್ಣವಾಗಿ ಹೋಗುತ್ತದೆ. ಹಾಲು ಬಿಡಿಸಿ ಆಕ್ರೋಮೆಗಲಿ ವಾಸಿ ಮಾಡಲು ಆಗುವುದಿಲ್ಲ. ಅತ್ತೆಯವರ ಕಾಳಜಿ ದೊಡ್ಡದು, ಆದರೆ ಮೊಸರನ್ನ ನಿಲ್ಲಿಸಬೇಡಿ. ಶುಗರ್ ಇರುವುದರಿಂದ ಸಿಹಿ ಕಡಿಮೆ ಮಾಡಿ, ಅಷ್ಟೆ. ಇನ್ನೊಂದು: ಐಜಿಎಫ್-1ರ ಸರಿಯಾದ ಮಟ್ಟ ವಯಸ್ಸಿನ ಮೇಲೆ ಬದಲಾಗುತ್ತದೆ, ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ, ವಯಸ್ಸಿಗೆ ತಕ್ಕ ಮಿತಿಯ ಜೊತೆ ಹೋಲಿಸಿ ನೋಡಲು ಕೇಳಿ. ಶುಗರ್ ವಿಪರೀತ ಏರಿದ್ದಾಗ, ಯಕೃತ್ತಿನ ಕಾಯಿಲೆ ಇದ್ದಾಗ ಈ ಸಂಖ್ಯೆ ಸುಳ್ಳಾಗಿ ಕಡಿಮೆ ಕಾಣಬಹುದು.

ಇನ್ನು ಇಂಜೆಕ್ಷನ್. ಆಕ್ಟ್ರಿಯೊಟೈಡ್ ಕೆಲಸ ಮಾಡಬೇಕಾದರೆ ಗೆಡ್ಡೆಯ ಕೋಶದ ಮೈಮೇಲೆ ಸೊಮ್ಯಾಟೊಸ್ಟಾಟಿನ್ ರಿಸೆಪ್ಟರ್ (ಗ್ರೋತ್ ಹಾರ್ಮೋನನ್ನು ತಗ್ಗಿಸುವ ಸೊಮ್ಯಾಟೊಸ್ಟಾಟಿನ್ ಬಂದು ಕೂರುವ ಪ್ರೋಟೀನ್) ಇರಬೇಕು, ಮುಖ್ಯವಾಗಿ ಎರಡನೇ ಬಗೆಯದು. ಅದೂ ಒಂದು ಜೀನಿನ ಅಭಿವ್ಯಕ್ತಿಯೇ. ಹಾರ್ಮೋನ್ ಕಾಳುಗಳು ಒತ್ತಾಗಿ ತುಂಬಿರುವ, ಅಂದರೆ ಡೆನ್ಸ್ಲಿ ಗ್ರ್ಯಾನ್ಯುಲೇಟೆಡ್ ಗೆಡ್ಡೆಗಳಲ್ಲಿ ಈ ರಿಸೆಪ್ಟರ್ ಸಾಮಾನ್ಯವಾಗಿ ಹೆಚ್ಚು. ಇಂಜೆಕ್ಷನ್ ಚೆನ್ನಾಗಿ ಹಿಡಿಯುತ್ತದೆ. ಕಾಳು ವಿರಳವಾಗಿರುವ ಸ್ಪಾರ್ಸ್ಲಿ ಬಗೆಯಲ್ಲಿ ರಿಸೆಪ್ಟರ್ ಕಡಿಮೆ ಇರುವ ಸಾಧ್ಯತೆ ಹೆಚ್ಚು. ಹಾಗಂತ ಇಂಜೆಕ್ಷನ್ ವ್ಯರ್ಥ ಅನ್ನಬೇಡಿ, ಈ ಬಗೆಯಲ್ಲೂ ಉಪಯೋಗ ಪಡೆದವರು ಇದ್ದಾರೆ. ಕೆಲವು ತಿಂಗಳು ಕೊಟ್ಟು ಐಜಿಎಫ್-1 ಸಾಕಷ್ಟು ಇಳಿಯದಿದ್ದರೆ ಬೇರೆ ದಾರಿಗಳಿವೆ: ಕ್ಯಾಬರ್ಗೊಲಿನ್ ಮಾತ್ರೆ ಜೊತೆಗೆ ಸೇರಿಸುವುದು, ಐದನೇ ಬಗೆಯ ರಿಸೆಪ್ಟರನ್ನೂ ಹಿಡಿಯುವ ಪ್ಯಾಸಿರಿಯೊಟೈಡ್, ಗ್ರೋತ್ ಹಾರ್ಮೋನಿನ ರಿಸೆಪ್ಟರನ್ನೇ ತಡೆಯುವ ಪೆಗ್ವಿಸೊಮ್ಯಾಂಟ್, ಮತ್ತೊಮ್ಮೆ ಆಪರೇಷನ್, ವಿಕಿರಣ. ಪ್ಯಾಸಿರಿಯೊಟೈಡ್ ಶುಗರ್ ಏರಿಸುತ್ತದೆ, ನಿಮ್ಮವರಿಗೆ ಅದನ್ನು ಎಚ್ಚರದಿಂದ ತೂಗಿ ನೋಡಬೇಕು. ಈ ಆಯ್ಕೆ ನಿಮ್ಮ ಎಂಡೋಕ್ರೈನಾಲಜಿಸ್ಟ್‌ದು. ನಾನು ರಿಪೋರ್ಟಿನಲ್ಲಿ ‘ಸ್ಪಾರ್ಸ್ಲಿ’ ಅಂತ ಒಂದು ಪದ ಬರೆಯುವುದು ಅವರಿಗೆ ಈ ಲೆಕ್ಕಾಚಾರಕ್ಕೆ ಬೇಕು ಅಂತಲೇ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು):

ಮೇಡಂ, ನನ್ನ ಹೆಂಡತಿಗೆ ತಿಂಗಳಾ ತಿಂಗಳಾ ಮುಟ್ಟು ಸರಿಯಾಗಿ ಬರವಲ್ದು. ಪ್ರೊಲ್ಯಾಕ್ಟಿನ್ ಟೆಸ್ಟ್ ಮಾಡ್ಸಿದ್ವಿ, 78 ಬಂದೈತ್ರಿ. ಮೆದುಳಾಗ ಗೆಡ್ಡಿ ಐತಿ ಅಂತ ಎಲ್ಲಾರೂ ಅಂಜಿಸಾಕತ್ತಾರ. ಆಕಿ ಗ್ಯಾಸ್ಟ್ರಿಕ್ ಅಂತ ಒಂದು ವರ್ಷದಿಂದ ದಿನಾ ಮುಂಜಾನೆ ಒಂದು ಕ್ಯಾಪ್ಸೂಲ್ ತಗೋತಾಳ. ಎಂಆರ್‌ಐ ಮಾಡ್ಸಬೇಕೇನ್ರಿ?

ಉತ್ತರ:

ಆ ಕ್ಯಾಪ್ಸೂಲಿನ ಪಟ್ಟಿಯ ಹಿಂಭಾಗ ಓದಿ ನೋಡಿ. ಪ್ಯಾಂಟೊಪ್ರಜೋಲ್ ಜೊತೆ ಡಾಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಅಂತ ಇದೆಯಾ? ಇದ್ದರೆ ಅದೇ ಕಾರಣ ಇರಬಹುದು.

ಪ್ರೊಲ್ಯಾಕ್ಟಿನ್ ಜೀನ್ ಉಳಿದವುಗಳಂತಲ್ಲ. ಅದು ಸುಮ್ಮನೆ ಬಿಟ್ಟರೆ ಓಡುವ ಸ್ವಭಾವದ್ದು. ಮೆದುಳಿನಿಂದ ಇಳಿದು ಬರುವ ಡೋಪಮಿನ್ ಅದನ್ನು ದಿನವಿಡೀ ಹಿಡಿದು ನಿಲ್ಲಿಸಿರುತ್ತದೆ. ಡೋಪಮಿನ್ ಕೂರುವ ಡಿ2 ರಿಸೆಪ್ಟರನ್ನು ಈ ಔಷಧಿಗಳು ಮುಚ್ಚಿಬಿಡುತ್ತವೆ. ಡಾಂಪೆರಿಡೋನ್ ಮೆದುಳಿನೊಳಗೆ ಹೆಚ್ಚು ಹೋಗುವುದಿಲ್ಲ ಅನ್ನುತ್ತಾರೆ, ಅದು ನಿಜ. ಮೆದುಳಿಗೆ ಔಷಧಿ ನುಗ್ಗದಂತೆ ರಕ್ತ-ಮೆದುಳು ತಡೆಗೋಡೆ ಇದೆ, ಆದರೆ ಪಿಟ್ಯುಟರಿ ಇರುವುದು ಅದರ ಹೊರಗೆ, ಹಾಗಾಗಿ ಔಷಧಿ ಅಲ್ಲಿಗೆ ಸಲೀಸಾಗಿ ತಲುಪುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ ಪ್ರೊಲ್ಯಾಕ್ಟಿನ್ ಏರುತ್ತದೆ. ಗರ್ಭಿಣಿಯಾಗಿದ್ದರೆ ಸಹಜವಾಗಿ ಏರುತ್ತದೆ. ಆದ್ದರಿಂದ ಮೊದಲು ಡಾಕ್ಟರನ್ನು ಕೇಳಿ ಆ ಕ್ಯಾಪ್ಸೂಲ್ ನಿಲ್ಲಿಸಿ, ಟಿಎಸ್‌ಎಚ್ ಮತ್ತು ಗರ್ಭ ಪರೀಕ್ಷೆ ಮಾಡಿಸಿ, ಕೆಲವು ದಿನ ಬಿಟ್ಟು ಪ್ರೊಲ್ಯಾಕ್ಟಿನ್ ಮತ್ತೆ ನೋಡಿಸಿ. ಆಗಲೂ ಏರಿದ್ದರೆ ಎಂಆರ್‌ಐ. ತಲೆನೋವಿನ ಜೊತೆ ದೃಷ್ಟಿ ಮಂಕಾಗಿದ್ದರೆ ಮಾತ್ರ ಕಾಯುವುದು ಬೇಡ. ಮಾನಸಿಕ ಕಾಯಿಲೆಗೆ ರಿಸ್ಪೆರಿಡೋನ್‌ನಂಥ ಔಷಧಿ ತೆಗೆದುಕೊಳ್ಳುವವರಲ್ಲೂ ಹೀಗೇ ಆಗುತ್ತದೆ, ಅವರು ತಾವಾಗಿ ಔಷಧಿ ನಿಲ್ಲಿಸಲೇಬಾರದು, ಮನೋವೈದ್ಯರ ಜೊತೆ ಮಾತಾಡಬೇಕು.

ಅಕಸ್ಮಾತ್ ಗೆಡ್ಡೆಯೇ ಇದ್ದರೂ ಎದೆಗುಂದಬೇಡಿ. ಪಿಟ್ಯುಟರಿ ಗೆಡ್ಡೆಗಳಲ್ಲಿ ಮಾತ್ರೆಗೆ ಇಷ್ಟು ಚೆನ್ನಾಗಿ ಬಗ್ಗುವುದು ಬೇರೊಂದಿಲ್ಲ. ಗೆಡ್ಡೆಯ ಕೋಶಗಳು ಡಿ2 ರಿಸೆಪ್ಟರನ್ನು ಸಾಮಾನ್ಯವಾಗಿ ಉಳಿಸಿಕೊಂಡಿರುತ್ತವೆ. ಕ್ಯಾಬರ್ಗೊಲಿನ್ ಅದಕ್ಕೆ ಅಂಟಿಕೊಂಡರೆ ಪ್ರೊಲ್ಯಾಕ್ಟಿನ್ ಜೀನಿನ ಅಭಿವ್ಯಕ್ತಿ ತಗ್ಗುತ್ತದೆ, ಕೋಶ ಕುಗ್ಗುತ್ತದೆ, ಗೆಡ್ಡೆಯೂ ಕುಗ್ಗುತ್ತದೆ. ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದೇ ಇಲ್ಲ.

ಅದೇ ಸದಸ್ಯರು:

ಪಟ್ಟಿ ನೋಡಿದೆ ರೀ. ಲೆವೊಸಲ್ಪಿರೈಡ್ 75 ಅಂತ ಐತಿ. ನಾಳೆನ ಡಾಕ್ಟರ್ ಕಡೆ ಹೋಗ್ತೀವಿ.

ಪ್ರಶ್ನೆ (ಮೈಸೂರು, ಬಯೋಟೆಕ್ನಾಲಜಿ ಎಂಎಸ್‌ಸಿ ವಿದ್ಯಾರ್ಥಿನಿ):

ಮ್ಯಾಮ್, ಸೆಮಿನಾರಿಗೆ ಪಿಟ್ಯುಟರಿ ಟ್ಯೂಮರ್‌ಗಳಲ್ಲಿ ಗ್ರೋತ್ ಫ್ಯಾಕ್ಟರ್‌ಗಳು ಅನ್ನೋ ವಿಷಯ ತಗೊಂಡಿದ್ದೇನೆ. ಇಜಿಎಫ್, ಎಫ್‌ಜಿಎಫ್, ವೆಜ್‌ಎಫ್, ಟಿಜಿಎಫ್ ಅಂತ ಪಟ್ಟಿ ಓದಿ ಓದಿ ತಲೆ ಕೆಟ್ಟಿದೆ. ನಿಜವಾಗಿ ಟ್ಯೂಮರ್ ಶುರು ಮಾಡೋದು ಯಾರು? ಗ್ರೋತ್ ಫ್ಯಾಕ್ಟರಾ, ಮ್ಯುಟೇಷನ್ನಾ? ಪಿಟಿಟಿಜಿ ಅನ್ನೋದು ಎಲ್ಲ ಪೇಪರಲ್ಲೂ ಬರುತ್ತೆ, ಅದರ ಬಗ್ಗೆಯೂ ಹೇಳಿ.

ಉತ್ತರ:

ಪಟ್ಟಿಯಾಗಿ ಓದಬೇಡಮ್ಮ, ಒಂದು ವಾದವಾಗಿ ಓದು. ಈ ಕ್ಷೇತ್ರದಲ್ಲಿ ದಶಕಗಳ ಕಾಲ ನಡೆದ ವಾದವೇ ಅದು.

ಒಂದು ಪಕ್ಷ ಹೇಳುತ್ತಿದ್ದದ್ದು ಹೀಗೆ: ಪಿಟ್ಯುಟರಿಗೆ ಹೊರಗಿನಿಂದ ಅತಿಯಾಗಿ ಪ್ರಚೋದನೆ ಸಿಕ್ಕರೆ ಕೋಶಗಳು ಹೆಚ್ಚಿ ಗೆಡ್ಡೆಯಾಗುತ್ತವೆ. ಇದಕ್ಕೆ ಪುರಾವೆ ಇಲ್ಲದಿರಲಿಲ್ಲ. ಗ್ರೋತ್ ಹಾರ್ಮೋನನ್ನು ಹೊರಡಿಸುವ ಜಿಎಚ್‌ಆರ್‌ಎಚ್ 1982ರಲ್ಲಿ ಮೊದಲು ಸಿಕ್ಕಿದ್ದು ಮೆದುಳಿನಿಂದಲ್ಲ, ಆಕ್ರೋಮೆಗಲಿ ಬಂದಿದ್ದ ರೋಗಿಗಳ ಪ್ಯಾಂಕ್ರಿಯಾಸ್ ಗೆಡ್ಡೆಯಿಂದ. ಪ್ಯಾಂಕ್ರಿಯಾಸ್‌ನಿಂದ ಹೊರಟ ಆ ರಾಸಾಯನಿಕ ಪಿಟ್ಯುಟರಿಯ ಕೋಶಗಳನ್ನು ಉಬ್ಬಿಸಿತ್ತು. ಜಿಎಚ್‌ಆರ್‌ಎಚ್ ಜೀನ್ ಅತಿಯಾಗಿ ಅಭಿವ್ಯಕ್ತಗೊಳ್ಳುವಂತೆ ಮಾಡಿದ ಇಲಿಗಳಲ್ಲಿ ಮೊದಲು ಕೋಶಗಳು ಹೆಚ್ಚುತ್ತವೆ, ವಯಸ್ಸಾದ ಮೇಲೆ ಗೆಡ್ಡೆಯೂ ಬರುತ್ತದೆ. ಈಸ್ಟ್ರೊಜೆನ್ ಕೊಟ್ಟ ಫಿಷರ್ ತಳಿಯ ಇಲಿಗಳಲ್ಲಿ ಪ್ರೊಲ್ಯಾಕ್ಟಿನ್ ಗೆಡ್ಡೆ ಬರುತ್ತದೆ.

ಇನ್ನೊಂದು ಪಕ್ಷಕ್ಕೆ ಬಲ ಬಂದದ್ದು 1990ರಲ್ಲಿ. ಹೆಂಗಸರ ಪ್ರತಿ ಕೋಶದಲ್ಲೂ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದು ಸುಮ್ಮನಾಗಿರುತ್ತದೆ, ಕೆಲವು ಕೋಶದಲ್ಲಿ ತಾಯಿಯದು, ಕೆಲವಲ್ಲಿ ತಂದೆಯದು. ಪಿಟ್ಯುಟರಿ ಗೆಡ್ಡೆಗಳಲ್ಲಿ ನೋಡಿದರೆ ಎಲ್ಲ ಕೋಶಗಳಲ್ಲೂ ಒಂದೇ ಸುಮ್ಮನಾಗಿತ್ತು. ಅಂದರೆ ಇಡೀ ಗೆಡ್ಡೆ ಒಂದೇ ಕೋಶದ ಸಂತತಿ. ಹೊರಗಿನ ಪ್ರಚೋದನೆಯಷ್ಟೇ ಕಾರಣವಾಗಿದ್ದರೆ ಹಲವು ಕೋಶಗಳು ಒಟ್ಟಿಗೆ ಬೆಳೆಯಬೇಕಿತ್ತು. ಹಾಗಾಗಿ ಇವತ್ತಿನ ತಿಳುವಳಿಕೆ ಇದು: ಒಂದು ಕೋಶದೊಳಗಿನ ಬದಲಾವಣೆ ಆರಂಭ ಮಾಡುತ್ತದೆ, ಹಾರ್ಮೋನ್‌ಗಳು ಮತ್ತು ಬೆಳವಣಿಗೆ ಅಂಶಗಳು ಅದನ್ನು ಪೋಷಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ‘ಇದಾ ಅದಾ’ ಅನ್ನುವ ಪ್ರಶ್ನೆಗಿಂತ ಇವೆರಡೂ ಎಲ್ಲಿ ಕೈ ಕೂಡಿಸುತ್ತವೆ ಅನ್ನುವುದನ್ನು ಸೆಮಿನಾರಿನಲ್ಲಿ ತೋರಿಸು. ಅದಕ್ಕೆ ಒಳ್ಳೆಯ ಉದಾಹರಣೆಗಳಿವೆ.

ಮೊದಲನೆಯದು ಯುಎಸ್‌ಪಿ8. ಇಜಿಎಫ್ ಎಂಬ ಬೆಳವಣಿಗೆ ಅಂಶ ಕೂರುವ ರಿಸೆಪ್ಟರ್ ತನ್ನ ಕೆಲಸ ಮುಗಿಸಿದ ಮೇಲೆ ಅದಕ್ಕೆ ಯುಬಿಕ್ವಿಟಿನ್ ಎಂಬ ಸಣ್ಣ ಪ್ರೋಟೀನ್ ಅಂಟುತ್ತದೆ. ಆ ಗುರುತು ಕಂಡರೆ ಕೋಶ ರಿಸೆಪ್ಟರನ್ನು ಒಳಗೆಳೆದು ಒಡೆದುಹಾಕುತ್ತದೆ. ಯುಎಸ್‌ಪಿ8 ಕಿಣ್ವದ ಕೆಲಸ ಆ ಗುರುತನ್ನು ಕಿತ್ತುಹಾಕುವುದು. 2015ರಲ್ಲಿ ಕುಶಿಂಗ್ ಕಾಯಿಲೆಯ ಗೆಡ್ಡೆಗಳಲ್ಲಿ, ಅಂದರೆ ಎಸಿಟಿಎಚ್ ಗೆಡ್ಡೆಗಳಲ್ಲಿ, ಯುಎಸ್‌ಪಿ8 ಮ್ಯುಟೇಷನ್ ಪತ್ತೆಯಾಯಿತು. ಮೂರನೇ ಒಂದು ಭಾಗದಿಂದ ಅರ್ಧದಷ್ಟು ಗೆಡ್ಡೆಗಳಲ್ಲಿ ಇದು ಸಿಗುತ್ತದೆ. ಮ್ಯುಟೇಷನ್ ಆದಾಗ 14-3-3 ಪ್ರೋಟೀನ್ ಹಿಡಿದುಕೊಳ್ಳುವ ಜಾಗ ಹಾಳಾಗಿ ಕಿಣ್ವಕ್ಕೆ ಲಗಾಮು ತಪ್ಪುತ್ತದೆ. ರಿಸೆಪ್ಟರ್ ಒಡೆಯದೆ ಉಳಿಯುತ್ತದೆ, ಸಂಕೇತ ನಿಲ್ಲುವುದಿಲ್ಲ, ಎಸಿಟಿಎಚ್‌ನ ಮೂಲವಾದ ಪಿಒಎಂಸಿ ಜೀನಿನ ಅಭಿವ್ಯಕ್ತಿ ಏರುತ್ತದೆ. ಇಲ್ಲಿ ಇಜಿಎಫ್ ಜೀನಿಗೂ ಏನೂ ಆಗಿಲ್ಲ, ರಿಸೆಪ್ಟರ್ ಜೀನಿಗೂ ಏನೂ ಆಗಿಲ್ಲ. ಕೆಟ್ಟಿರುವುದು ವಿಲೇವಾರಿ ವ್ಯವಸ್ಥೆ. ಈ ರಿಸೆಪ್ಟರನ್ನು ತಡೆಯುವ ಗೆಫಿಟಿನಿಬ್ ಪ್ರಯೋಗಾಲಯದ ಕೋಶಗಳಲ್ಲಿ ಎಸಿಟಿಎಚ್ ತಗ್ಗಿಸಿದೆ, ಆದರೆ ಕುಶಿಂಗ್ ರೋಗಿಗಳಿಗೆ ಅದು ದಿನನಿತ್ಯದ ಚಿಕಿತ್ಸೆ ಆಗಿಲ್ಲ.

ಎರಡನೆಯದು ಪಿಟಿಟಿಜಿ. 1997ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಪೇ ಮತ್ತು ಮೆಲ್ಮೆಡ್ ಇದನ್ನು ಇಲಿಯ ಪಿಟ್ಯುಟರಿ ಗೆಡ್ಡೆಯ ಕೋಶಗಳಿಂದ ಹೊರತೆಗೆದರು. ಅದು ಸೆಕ್ಯುರಿನ್ ಅನ್ನುವುದು ಆಮೇಲೆ ಗೊತ್ತಾಯಿತು: ಕೋಶ ಎರಡಾಗುವಾಗ ಜೋಡಿ ಕ್ರೋಮೋಸೋಮ್ ಎಳೆಗಳು ಸಮಯಕ್ಕೆ ಮುಂಚೆ ಬೇರಾಗದಂತೆ ಹಿಡಿದಿಡುವ ಪ್ರೋಟೀನ್. ಅದು ಅತಿಯಾದರೆ ಹಂಚಿಕೆ ತಪ್ಪಿ ಕ್ರೋಮೋಸೋಮ್‌ಗಳ ಸಂಖ್ಯೆ ಏರುಪೇರಾಗುತ್ತದೆ. ಹೆಚ್ಚಿನ ಪಿಟ್ಯುಟರಿ ಗೆಡ್ಡೆಗಳಲ್ಲಿ ಪಿಟಿಟಿಜಿ ಅಭಿವ್ಯಕ್ತಿ ಏರಿರುತ್ತದೆ, ಜೀನಿನಲ್ಲಿ ಮ್ಯುಟೇಷನ್ ಮಾತ್ರ ಇರುವುದಿಲ್ಲ. ಬೆಳವಣಿಗೆ ಅಂಶಗಳ ಜೊತೆ ಇದರ ನಂಟು ನಿನ್ನ ವಿಷಯಕ್ಕೆ ಮುಖ್ಯ. ಈಸ್ಟ್ರೊಜೆನ್ ಪಿಟಿಟಿಜಿಯನ್ನು ಏರಿಸುತ್ತದೆ, ಪಿಟಿಟಿಜಿ ಎಫ್‌ಜಿಎಫ್-2 ಎಂಬ ಬೆಳವಣಿಗೆ ಅಂಶವನ್ನು ಏರಿಸುತ್ತದೆ, ಎಫ್‌ಜಿಎಫ್-2 ಮತ್ತೆ ಪಿಟಿಟಿಜಿಯನ್ನು ಏರಿಸುತ್ತದೆ. ಇಲಿಗಳಲ್ಲಿ ಈಸ್ಟ್ರೊಜೆನ್‌ನಿಂದ ಪ್ರೊಲ್ಯಾಕ್ಟಿನ್ ಗೆಡ್ಡೆ ಬೆಳೆಯುವ ದಾರಿಯಲ್ಲಿ ಈ ಸುತ್ತನ್ನು 1999ರಲ್ಲಿ ತೋರಿಸಿದರು.

ಇಷ್ಟೆಲ್ಲ ಇದ್ದೂ ಈ ಗೆಡ್ಡೆಗಳು ಯಾಕೆ ಕ್ಯಾನ್ಸರ್ ಆಗುವುದಿಲ್ಲ? ನನಗೆ ಈ ಗ್ರಂಥಿಯ ಮೇಲೆ ಪ್ರೀತಿ ಹುಟ್ಟಿಸಿದ ಪ್ರಶ್ನೆ ಇದೇ. ಬೇರೆ ಕಡೆಗೆ ಹರಡುವ ಪಿಟ್ಯುಟರಿ ಗೆಡ್ಡೆ ಶೇ. 1ಕ್ಕಿಂತಲೂ ಕಡಿಮೆ. ಒಂದು ವಿವರಣೆ ಹೀಗಿದೆ: ಪಿಟಿಟಿಜಿಯಿಂದ ಕ್ರೋಮೋಸೋಮ್ ಏರುಪೇರಾದ ಕೋಶ ತನ್ನ ಹಾನಿಯನ್ನು ಗುರುತಿಸಿ ಪಿ21 ಎಂಬ ತಡೆ ಪ್ರೋಟೀನನ್ನು ಏರಿಸಿಕೊಳ್ಳುತ್ತದೆ. ಆಗ ಅದು ಸಾಯುವುದಿಲ್ಲ, ವಿಭಜನೆಯನ್ನೂ ಮುಂದುವರಿಸುವುದಿಲ್ಲ, ಮುಪ್ಪಿನ ಸ್ಥಿತಿಯಲ್ಲಿ ನಿಂತುಬಿಡುತ್ತದೆ. ಹಾರ್ಮೋನ್ ಮಾತ್ರ ಸುರಿಸುತ್ತಿರುತ್ತದೆ. ಗ್ರೋತ್ ಹಾರ್ಮೋನ್ ಗೆಡ್ಡೆಗಳಲ್ಲಿ ಪಿ21 ಹೆಚ್ಚಿರುವುದನ್ನು ಕಂಡಿದ್ದಾರೆ.

ಮೂರನೆಯದು ಮೌನವಾದ ಜೀನ್‌ಗಳು. ಹಾರ್ಮೋನ್ ಸುರಿಸದ ಗೆಡ್ಡೆಗಳಲ್ಲಿ ಮೆಗ್-3 ಎಂಬ ಜೀನಿನ ಅಭಿವ್ಯಕ್ತಿ ಇಲ್ಲವಾಗಿರುತ್ತದೆ, ಆರೋಗ್ಯವಂತ ಪಿಟ್ಯುಟರಿಯಲ್ಲಿ ಅದು ಧಾರಾಳವಾಗಿ ಇರುತ್ತದೆ. ಅಕ್ಷರ ಒಂದೂ ಬದಲಾಗಿಲ್ಲ. ಡಿಎನ್‌ಎ ಮೇಲೆ ಮೀಥೈಲ್ ಗುಂಪುಗಳು ಕೂತು ಅದನ್ನು ಮುಚ್ಚಿವೆ. ಪಿ16 ಎಂಬ ತಡೆ ಜೀನಿಗೂ ಹಲವು ಗೆಡ್ಡೆಗಳಲ್ಲಿ ಇದೇ ಗತಿ. ಮ್ಯುಟೇಷನ್ ಪಟ್ಟಿ ಮಾತ್ರ ನೋಡುವವರಿಗೆ ಇದು ಕಾಣುವುದೇ ಇಲ್ಲ. ಅಭಿವ್ಯಕ್ತಿಯನ್ನು ಅಳೆದರೆ ಮಾತ್ರ ಕಾಣುತ್ತದೆ.

ವೆಜ್‌ಎಫ್ ಬಗ್ಗೆ ಒಂದು ವಿಚಿತ್ರ ಹೇಳಿ ಮುಗಿಸುತ್ತೇನೆ. ಎಫ್‌ಜಿಎಫ್ ಸಿಕ್ಕಿದ್ದು 1970ರ ದಶಕದಲ್ಲಿ ಹಸುವಿನ ಪಿಟ್ಯುಟರಿಯ ಸಾರದಿಂದ. ರಕ್ತನಾಳ ಬೆಳೆಸುವ ವೆಜ್‌ಎಫ್ ಕೂಡ 1989ರಲ್ಲಿ ಹಸುವಿನ ಪಿಟ್ಯುಟರಿಯ ಕೋಶಗಳಿಂದಲೇ ಸಿಕ್ಕಿತು. ಎರಡಕ್ಕೂ ತವರು ಈ ಗ್ರಂಥಿ. ಹೀಗಿದ್ದೂ ಪಿಟ್ಯುಟರಿ ಗೆಡ್ಡೆಯಲ್ಲಿ ರಕ್ತನಾಳಗಳ ದಟ್ಟಣೆ ಸಾಮಾನ್ಯ ಪಿಟ್ಯುಟರಿಗಿಂತ ಕಡಿಮೆ! ಬೇರೆ ಬಹಳಷ್ಟು ಗೆಡ್ಡೆಗಳಲ್ಲಿ ಇದು ತಿರುಗುಮುರುಗು. ನಿಧಾನವಾಗಿ ಬೆಳೆಯುವುದಕ್ಕೆ ಇದೂ ಒಂದು ಕಾರಣ ಅನ್ನುತ್ತಾರೆ. ವೆಜ್‌ಎಫ್ ತಡೆಯುವ ಬೆವಾಸಿಝುಮ್ಯಾಬ್ ಬೇರೆ ಕ್ಯಾನ್ಸರ್‌ಗಳಲ್ಲಿ ಬಳಕೆಯಲ್ಲಿದ್ದರೂ ಇಲ್ಲಿ ಅದನ್ನು ಪ್ರಯತ್ನಿಸಿರುವುದು ಯಾವ ಚಿಕಿತ್ಸೆಗೂ ಬಗ್ಗದ ಕೆಲವೇ ಗೆಡ್ಡೆಗಳಲ್ಲಿ.

ಟಿಜಿಎಫ್‌ನಲ್ಲಿ ಆಲ್ಫಾ, ಬೀಟಾ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಡ. ಆಲ್ಫಾ ಇಜಿಎಫ್ ರಿಸೆಪ್ಟರಿಗೇ ಕೂತು ಬೆಳೆಸುತ್ತದೆ, ಬೀಟಾ-1 ಪ್ರೊಲ್ಯಾಕ್ಟಿನ್ ಕೋಶಗಳನ್ನು ತಡೆಯುತ್ತದೆ. ಪರೀಕ್ಷೆಯಲ್ಲಿ ಇದನ್ನು ಕೇಳುತ್ತಾರೆ.

ಪ್ರಶ್ನೆ (ಬೆಂಗಳೂರಿನ ಸದಸ್ಯರು):

ಡಾಕ್ಟರೇ, ನನ್ನ ತಮ್ಮ ಜಿಮ್‌ಗೆ ಹೋಗ್ತಾನೆ. ಅಲ್ಲಿ ಯಾರೋ ‘ಪೆಪ್ಟೈಡ್’ ಅಂತ ಇಪಾಮೊರೆಲಿನ್, ಐಜಿಎಫ್-1 ಎಲ್‌ಆರ್3 ಕೊಡಿಸಿದ್ದಾರೆ. ಇದು ನ್ಯಾಚುರಲ್, ಸ್ಟೆರಾಯ್ಡ್ ಅಲ್ಲ ಅಂತಾನೆ. ಗೆಡ್ಡೆ ಬರುತ್ತಾ?

ಉತ್ತರ:

ಗೆಡ್ಡೆ ಬಂದೇ ಬರುತ್ತದೆ ಅಂತ ಹೇಳಲು ಆಧಾರವಿಲ್ಲ, ಬರುವುದಿಲ್ಲ ಅಂತ ಭರವಸೆ ಕೊಡಲೂ ಆಧಾರವಿಲ್ಲ. ಇಪಾಮೊರೆಲಿನ್ ಪಿಟ್ಯುಟರಿಯಿಂದ ಗ್ರೋತ್ ಹಾರ್ಮೋನ್ ಹೊರಡಿಸುವ ಮದ್ದು, ಎಲ್‌ಆರ್3 ಅಂದರೆ ಐಜಿಎಫ್-1ರ ಮಾರ್ಪಡಿಸಿದ ರೂಪ. ಮೇಲೆ ಹೇಳಿದ ಪ್ಯಾಂಕ್ರಿಯಾಸ್ ಗೆಡ್ಡೆಯ ಕಥೆ ತಮ್ಮನಿಗೆ ಓದಿಸಿ. ದೇಹದ ಲೆಕ್ಕ ತಪ್ಪಿಸಿ ಗ್ರೋತ್ ಹಾರ್ಮೋನನ್ನು ತಿಂಗಳುಗಟ್ಟಲೆ ಏರಿಸಿದರೆ ಏನಾಗುತ್ತದೆ ಅನ್ನುವುದನ್ನು ಆಕ್ರೋಮೆಗಲಿ ರೋಗಿಗಳು ಈಗಾಗಲೇ ಅನುಭವಿಸಿದ್ದಾರೆ: ಶುಗರ್, ಬಿಪಿ, ಕೀಲುನೋವು, ಹೃದಯದ ಸ್ನಾಯು ದಪ್ಪವಾಗುವುದು, ನಿದ್ದೆಯಲ್ಲಿ ಉಸಿರು ನಿಲ್ಲುವುದು. ಐಜಿಎಫ್-1 ಇನ್ಸುಲಿನ್‌ನ ಹತ್ತಿರದ ನೆಂಟ, ಸಕ್ಕರೆ ಅಂಶ ಏಕಾಏಕಿ ಕುಸಿದು ತಲೆ ತಿರುಗಿ ಬೀಳಬಹುದು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿ ಈ ಎರಡೂ ಬಗೆಯವು ಇವೆ, ಮುಂದೆ ಯಾವುದಾದರೂ ಸ್ಪರ್ಧೆಗೆ ಇಳಿಯುವ ಆಸೆ ಇದ್ದರೆ ಅದೂ ಮುಗಿಯಿತು. ಶೀಶೆಯಲ್ಲಿ ನಿಜವಾಗಿ ಏನಿದೆ ಅನ್ನುವುದು ಮಾರಿದವರಿಗೂ ಗೊತ್ತಿರುವುದಿಲ್ಲ. ದಯವಿಟ್ಟು ಇವತ್ತೇ ನಿಲ್ಲಿಸಲು ಹೇಳಿ. ಬೈದರೆ ಕದ್ದು ತೆಗೆದುಕೊಳ್ಳುತ್ತಾನೆ, ಕೂರಿಸಿಕೊಂಡು ಮಾತಾಡಿ.

ಪ್ರಶ್ನೆ (ದಾವಣಗೆರೆಯ ಸದಸ್ಯೆ):

ಮೇಡಂ, ಕೊನೆಯದಾಗಿ ಒಂದು. ಮುಂದೆ ಬೇರೆ ಊರಿನಲ್ಲಿ ಎರಡನೇ ಅಭಿಪ್ರಾಯ ತಗೊಳ್ಳೋದಾದರೆ ರಿಪೋರ್ಟ್ ಕಾಗದ ಸಾಕಾ? ಆ ಎರಡನೇ ಬಗೆಯ ರಿಸೆಪ್ಟರ್ ಟೆಸ್ಟ್ ಈಗ ಮಾಡಿಸಬಹುದಾ, ಆಪರೇಷನ್ ಆಗಿ ಇಷ್ಟು ದಿನ ಆದ ಮೇಲೆ?

ಉತ್ತರ:

ಮಾಡಿಸಬಹುದು. ತೆಗೆದ ಗೆಡ್ಡೆಯ ತುಣುಕು ಪ್ಯಾರಾಫಿನ್ ಬ್ಲಾಕಿನಲ್ಲಿ ಇರುತ್ತದೆ, ವರ್ಷಗಳ ನಂತರವೂ ಅದರಿಂದ ಹೊಸ ಪದರ ಕತ್ತರಿಸಿ ಬಣ್ಣ ಹಾಕಬಹುದು. ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಹೋಗಿ ಬಯಾಪ್ಸಿ ನಂಬರ್ ಕೊಟ್ಟು ಬ್ಲಾಕ್ ಮತ್ತು ಸ್ಲೈಡ್ ಬೇಕು ಅಂತ ಬರವಣಿಗೆಯಲ್ಲಿ ಕೇಳಿ. ಒಂದಕ್ಕಿಂತ ಹೆಚ್ಚು ಬ್ಲಾಕ್ ಇದ್ದರೆ ಎಲ್ಲವನ್ನೂ ತರಬೇಡಿ, ಒಂದಾದರೂ ಅಲ್ಲೇ ಇರಲಿ. ಪಿಟ್ಯುಟರಿ ಗೆಡ್ಡೆಯ ತುಣುಕು ಬಹಳ ಸಣ್ಣದು, ದಾರಿಯಲ್ಲಿ ಕಳೆದುಹೋದರೆ ಮತ್ತೆ ಸಿಗುವುದಿಲ್ಲ. ಬ್ಲಾಕನ್ನು ಬಿಸಿಲಿಗೆ ಇಡಬೇಡಿ, ಕಾರಿನೊಳಗೆ ಬಿಡಬೇಡಿ, ಮೇಣ ಕರಗುತ್ತದೆ. ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಹೋಗುವುದಾದರೆ ಎಂಆರ್‌ಐ ಸಿಡಿ, ಆಪರೇಷನ್‌ಗೆ ಮೊದಲಿನ ಮತ್ತು ನಂತರದ ಐಜಿಎಫ್-1 ವರದಿಗಳು, ಸ್ಲೈಡ್‌ಗಳು, ಒಂದು ಬ್ಲಾಕ್ ಇಷ್ಟನ್ನೂ ಒಟ್ಟಿಗೆ ಒಯ್ಯಿರಿ. ಇಂಜೆಕ್ಷನ್ ಶುರು ಮಾಡುವುದನ್ನು ಈ ಟೆಸ್ಟಿಗಾಗಿ ತಡ ಮಾಡಬೇಡಿ, ಎರಡೂ ಜೊತೆಜೊತೆಗೆ ನಡೆಯಲಿ.